ದಾರಿ ಬಹಳ ದೂರ ಐತಿ ಅಂದ ಹಾಡು

ನಮ್ಮ ಕಡೆ ಎಸಿ, ಡಿಸಿ ಅಂದರೆ ಎರಡು ಕಚೇರಿಗಳು. ಪಹಣಿ ತಕರಾರಿಗೆ ಎಸಿ ಕಚೇರಿ, ಅಲ್ಲಿ ಬಗೆಹರಿಯದಿದ್ದರೆ ಡಿಸಿ ಕಚೇರಿ. ಊರಿನವರು ಅರ್ಜಿ ಹಿಡಿದು ಹತ್ತುವ ಮೆಟ್ಟಿಲನ್ನೇ ವರದಿಗಾರರಾದ ನಾವೂ ಹತ್ತುತ್ತೇವೆ. ಆಸ್ಟ್ರೇಲಿಯಾದಲ್ಲಿ ‘ಎಸಿ/ಡಿಸಿ’ ಅನ್ನುವ ಹೆಸರಿನದೇ ಒಂದು ಹಾಡಿನ ತಂಡ ಇದೆ, ಅದು ಐವತ್ತು ವರ್ಷದಿಂದ ಊರೂರು ಸುತ್ತುತ್ತಿದೆ ಅಂತ ಹೇಳಿದರೆ ನೀವು ನಗುತ್ತೀರಿ. ನಾವೂ ನಕ್ಕಿದ್ದೆವು.

ಆದರೆ ಆ ಹೆಸರು ಬಂದದ್ದು ಕರೆಂಟಿನಿಂದ. ತಂಡ ಕಟ್ಟಿದ ಹುಡುಗರ ಅಕ್ಕ ಮಾರ್ಗರೆಟ್ ಹೊಲಿಗೆ ಯಂತ್ರದ ಮೇಲೆ ಆ ನಾಲ್ಕು ಅಕ್ಷರ ನೋಡಿದ್ದಳಂತೆ. ಎಸಿ ಕರೆಂಟಿಗೂ ಓಡುತ್ತದೆ, ಡಿಸಿ ಕರೆಂಟಿಗೂ ಓಡುತ್ತದೆ ಅಂತ ಅದರ ಅರ್ಥ. ಹೆಸರಿನಲ್ಲೇ ಕರೆಂಟು ಇದೆಯಲ್ಲ, ಇದೇ ಇರಲಿ ಅಂದರು ತಮ್ಮಂದಿರು. ಗಿಟಾರ್ ಬಾರಿಸುವ ಕಿರಿಯ ತಮ್ಮ ಆಂಗಸ್ ಶಾಲೆಯ ಸಮವಸ್ತ್ರದಲ್ಲೇ ವೇದಿಕೆ ಹತ್ತಲಿ ಅಂತ ಸೂಚಿಸಿದವಳೂ ಅವಳೇ. ಎಪ್ಪತ್ತು ದಾಟಿದ ಆಂಗಸ್ ಇವತ್ತಿಗೂ ಚಡ್ಡಿ, ಟೈ ಹಾಕಿಕೊಂಡೇ ಕುಣಿಯುತ್ತಾನೆ.

ಈ ತಂಡದ ಒಂದು ಹಾಡಿನ ಬಗ್ಗೆ ಇವತ್ತು ಬರೆಯುತ್ತಿದ್ದೇವೆ. ಹೆಸರು ‘ಇಟ್ಸ್ ಎ ಲಾಂಗ್ ವೇ ಟು ದ ಟಾಪ್’. ಮೇಲೆ ಮುಟ್ಟುವ ದಾರಿ ಬಹಳ ದೂರ ಇದೆ ಅಂತ ಅರ್ಥ. ಇದು ಹಾರ್ಡ್ ರಾಕ್. ಅಂದರೆ ಜೋರು ಗಿಟಾರು, ಎದೆಗೆ ಬಡಿಯುವ ಡ್ರಮ್ಮು, ಗಂಟಲು ಹರಿಯುವಂಥ ದನಿ. ಈ ಸದ್ದು ನಿಮಗೆ ಹಿಡಿಸಲೇಬೇಕೆಂದಿಲ್ಲ, ನಮ್ಮಲ್ಲೂ ಅರ್ಧ ಜನಕ್ಕೆ ಹಿಡಿಸಿಲ್ಲ. ಆದರೆ ಹಾಡಿನಲ್ಲಿ ಹೇಳಿದ ಮಾತು ಹಿಡಿಸಿತು.

ನಾವು ಇದನ್ನು ಮೊದಲು ಕೇಳಿದ್ದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ. ನಮ್ಮಲ್ಲೊಬ್ಬ ಇಂಗ್ಲಿಷ್ ಸುಧಾರಿಸಲಿ ಅಂತ ಹಾಡು ಕೇಳುತ್ತ ಅರ್ಥ ಬರೆದಿಟ್ಟುಕೊಳ್ಳುತ್ತಿದ್ದ. ಆ ನೋಟ್‌ಬುಕ್ಕಿನಲ್ಲಿ ಈ ಹಾಡಿನ ಸಾರ ಓದಿ ಅಚ್ಚರಿಯಾಯಿತು. ರಾಕ್ ಹಾಡೆಂದರೆ ಹುಡುಗಿ, ಮೋಜು, ಮಸ್ತಿ ಅಂದುಕೊಂಡಿದ್ದೆವು. ಇದರಲ್ಲಿ ಇದ್ದದ್ದು ಕೂಲಿಯ ಲೆಕ್ಕ. ಊರೂರು ತಿರುಗುವ ಹಾಡುಗಾರನನ್ನು ದೋಚುತ್ತಾರೆ, ಹೊಡೆಯುತ್ತಾರೆ, ಕೊಡಬೇಕಾದ್ದಕ್ಕಿಂತ ಕಡಿಮೆ ಕೊಡುತ್ತಾರೆ, ಹಾದಿಯಲ್ಲೇ ಅವನಿಗೆ ವಯಸ್ಸಾಗುತ್ತದೆ. ಇದು ಕಾಣುವಷ್ಟು ಸುಲಭ ಅಲ್ಲ ಅನ್ನುವುದೇ ಹಾಡಿನ ತಿರುಳು.

ಅವತ್ತು ನಮಗೆ ನೆನಪಾದದ್ದು ಜಾತ್ರೆಗೆ ಬರುವ ನಾಟಕ ಕಂಪನಿ. ಮಳೆ ಬಂದರೆ ಕಲೆಕ್ಷನ್ ಇಲ್ಲ, ಕಲೆಕ್ಷನ್ ಇಲ್ಲದಿದ್ದರೆ ಪಗಾರ ಇಲ್ಲ. ಟೆಂಟು ಬಿಚ್ಚಿ ಲಾರಿಗೆ ಹೇರಿ ಮುಂದಿನ ಊರಿಗೆ ಹೊರಡುವುದು. ಗಿಟಾರಿನ ಜಾಗದಲ್ಲಿ ಹಾರ್ಮೋನಿಯಂ ಇಟ್ಟರೆ ಅದೇ ಕಥೆ.

ಈಗ ಈ ತಂಡದವರು ಯಾರು ಅಂತ ನೋಡೋಣ.

ಯಂಗ್ ಮನೆತನ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ್ದು. ಏಳು ಗಂಡುಮಕ್ಕಳು, ಒಬ್ಬಳೇ ಮಗಳು. 1963ರಲ್ಲಿ ಆ ಕುಟುಂಬದ ಬಹುಪಾಲು ಜನ ದುಡಿಮೆ ಹುಡುಕಿಕೊಂಡು ಆಸ್ಟ್ರೇಲಿಯಾದ ಸಿಡ್ನಿಗೆ ಗುಳೆ ಬಂದರು. ಮೊದಲು ಉಳಿದದ್ದು ವಿಲ್ಲಾವುಡ್ ಅನ್ನುವಲ್ಲಿದ್ದ ವಲಸಿಗರ ಹಾಸ್ಟೆಲಿನಲ್ಲಿ. ಅಲ್ಲಿ ಅಣ್ಣ ಜಾರ್ಜ್‌ಗೆ ನೆದರ್ಲೆಂಡ್ಸ್‌ನಿಂದ ಬಂದ ಹ್ಯಾರಿ ವಾಂಡಾ ಅನ್ನುವ ಹುಡುಗ ಸಿಕ್ಕ. ಇಬ್ಬರೂ ಇನ್ನು ಕೆಲವರ ಜೊತೆ ಸೇರಿ ‘ಈಸಿಬೀಟ್ಸ್’ ಅನ್ನುವ ತಂಡ ಕಟ್ಟಿದರು. 1966ರಲ್ಲಿ ‘ಫ್ರೈಡೇ ಆನ್ ಮೈ ಮೈಂಡ್’ ಹಾಡಿನಿಂದ ಬೇರೆ ಬೇರೆ ದೇಶಗಳಲ್ಲಿ ಹೆಸರು ಮಾಡಿದರು. ವಾರವಿಡೀ ದುಡಿದು ಶುಕ್ರವಾರಕ್ಕೆ ಕಾಯುವವನ ಹಾಡು ಅದು. ಹೆಸರು ಬಂತು, ಆದರೆ ಕೈಗೆ ಹತ್ತಿದ ದುಡ್ಡು ಕಡಿಮೆ. ಆ ವ್ಯವಹಾರದ ಕಹಿಯನ್ನು ಅಣ್ಣ ಮರೆಯಲಿಲ್ಲ.

ತಮ್ಮಂದಿರಾದ ಮಾಲ್ಕಮ್ ಮತ್ತು ಆಂಗಸ್ ಬೇಗ ಶಾಲೆ ಬಿಟ್ಟವರು. ಮಾಲ್ಕಮ್ ಬಟ್ಟೆ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಮಾಡುತ್ತಿದ್ದ. ಆಂಗಸ್ ಮುದ್ರಣದ ಕೆಲಸದಲ್ಲಿದ್ದ. 1973ರ ನವೆಂಬರಿನಲ್ಲಿ ಎಸಿ/ಡಿಸಿ ಹುಟ್ಟಿತು. ಅದೇ ಡಿಸೆಂಬರ್ 31ರ ರಾತ್ರಿ ಸಿಡ್ನಿಯ ಒಂದು ಕ್ಲಬ್ಬಿನಲ್ಲಿ ಹೊಸ ವರ್ಷದ ಕಾರ್ಯಕ್ರಮ ಕೊಟ್ಟರು.

ಹಾಡುಗಾರ ಬಾನ್ ಸ್ಕಾಟ್ ಬಂದದ್ದು 1974ರಲ್ಲಿ. ಅವನೂ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಆರು ವರ್ಷದವನಿದ್ದಾಗ ಮನೆಯವರ ಜೊತೆ ಹಡಗು ಹತ್ತಿ ಬಂದ. ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಬಂದರು ಊರು ಫ್ರೀಮ್ಯಾಂಟಲ್‌ನಲ್ಲಿ. ಅಂಚೆ ಹಂಚಿದ, ಮೀನು ದೋಣಿಯಲ್ಲಿ ದುಡಿದ, ಗೊಬ್ಬರದ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡಿದ. ನಡುವೆ ಎರಡು ತಂಡಗಳಲ್ಲಿ ಹಾಡಿ, ಎರಡೂ ಕೈಕೊಟ್ಟವು. 1974ರಲ್ಲಿ ಬೈಕ್ ಅಪಘಾತವಾಗಿ ಸಾವಿನ ಬಾಗಿಲು ನೋಡಿ ಬಂದ. ಎಸಿ/ಡಿಸಿ ಸೇರುವಾಗ ಅವನಿಗೆ 28 ವರ್ಷ. ತಂಡದ ಉಳಿದ ಹುಡುಗರು ಇಪ್ಪತ್ತರ ಆಚೀಚೆ. ಅವರ ನಡುವೆ ಇವನು ಅಜ್ಜನ ಹಾಗೆ.

ದಾರಿ ದೂರ ಇದೆ ಅನ್ನುವ ಹಾಡಿನ ಮಾತು ಬರೆದವನು ಈ ಬಾನ್. ಅದನ್ನು ಕುರ್ಚಿ ಮೇಲೆ ಕೂತು ಕಲ್ಪಿಸಿಕೊಂಡು ಬರೆಯಲಿಲ್ಲ. ಹತ್ತು ವರ್ಷ ನಡೆದವನು ತನ್ನ ಚಪ್ಪಲಿ ಸವೆದದ್ದನ್ನು ಬರೆದ ಹಾಗಿದೆ ಅದು.

1975ರ ಡಿಸೆಂಬರಿನಲ್ಲಿ ಹಾಡು ಬಿಡುಗಡೆಯಾಯಿತು. ಅದರ ನಡುವೆ ಒಂದು ವಿಚಿತ್ರ ವಾದ್ಯ ಬರುತ್ತದೆ, ಬ್ಯಾಗ್‌ಪೈಪು. ನೀವು ಟಿವಿಯಲ್ಲಿ ಗಣರಾಜ್ಯೋತ್ಸವದ ಪರೇಡ್ ನೋಡುವಾಗ ಸೇನೆಯ ಬ್ಯಾಂಡಿನವರು ಕಂಕುಳಲ್ಲಿ ಚೀಲ ಅವಚಿಕೊಂಡು ಊದುತ್ತ ಬರುತ್ತಾರಲ್ಲ, ಅದೇ. ಚೀಲದಲ್ಲಿ ಗಾಳಿ ತುಂಬಿ ಒತ್ತುತ್ತಾರೆ. ಒಂದು ಕೊಳವೆಯಲ್ಲಿ ಬೆರಳಾಡಿಸಿ ರಾಗ ನುಡಿಸಿದರೆ, ಉಳಿದವು ನಮ್ಮ ಶ್ರುತಿಪೆಟ್ಟಿಗೆಯ ಹಾಗೆ ಒಂದೇ ಸ್ವರ ಹಿಡಿದು ನಿಲ್ಲುತ್ತವೆ. ಸ್ಕಾಟ್ಲೆಂಡಿನವರಿಗೆ ಅದು ತವರಿನ ದನಿ.

ಹಾಡನ್ನು ರೆಕಾರ್ಡ್ ಮಾಡಿಸುತ್ತಿದ್ದವರು ಅಣ್ಣ ಜಾರ್ಜ್ ಮತ್ತು ಅವನ ಗೆಳೆಯ ವಾಂಡಾ. ಬಾನ್ ಹುಡುಗನಾಗಿದ್ದಾಗ ಪೈಪ್ ಬ್ಯಾಂಡಿನಲ್ಲಿದ್ದ ಅಂತ ಕೇಳಿದ್ದ ಜಾರ್ಜ್, ಹಾಗಿದ್ದರೆ ಬ್ಯಾಗ್‌ಪೈಪ್ ಹಾಕೋಣ ಅಂದ. ತಮಾಷೆ ಏನೆಂದರೆ ಬಾನ್ ಆ ಬ್ಯಾಂಡಿನಲ್ಲಿ ಬಾರಿಸಿದ್ದು ಡ್ರಮ್ಮು, ಪೈಪಲ್ಲ. ಆದರೂ ಅವನು ಹಿಂದೆ ಸರಿಯಲಿಲ್ಲ. ಹಾಡಿಗೆ ಬೇಕಾದಷ್ಟು ಊದುವುದನ್ನು ಕಲಿತ. ಗುಳೆ ಬಂದವರ ಮಕ್ಕಳು ಬಿಟ್ಟುಬಂದ ಊರಿನ ವಾದ್ಯವನ್ನು ಹೊಸ ನಾಡಿನ ಗದ್ದಲದ ಹಾಡಿನ ನಡುವೆ ತಂದು ನಿಲ್ಲಿಸಿದರು.

1976ರ ಫೆಬ್ರವರಿ 23ರಂದು ಈ ಹಾಡಿನ ಚಿತ್ರೀಕರಣ ನಡೆಯಿತು. ‘ಕೌಂಟ್‌ಡೌನ್’ ಅನ್ನುವ ಟಿವಿ ಕಾರ್ಯಕ್ರಮಕ್ಕಾಗಿ, ಮೆಲ್ಬರ್ನ್ ನಗರದ ಸ್ವಾನ್‌ಸ್ಟನ್ ಬೀದಿಯಲ್ಲಿ. ಬದಿ ಹಲಗೆ ಇಲ್ಲದ ಒಂದು ಲಾರಿ. ಅದರ ಮೇಲೆ ಡ್ರಮ್ಮು, ಸ್ಪೀಕರು, ತಂಡದವರು, ಜೊತೆಗೆ ಸ್ಕಾಟಿಷ್ ಲಂಗ ತೊಟ್ಟ ಪೈಪ್ ವಾದಕರು. ಲಾರಿ ನಿಧಾನಕ್ಕೆ ಸಾಗುತ್ತದೆ. ಕೆಲಸಕ್ಕೆ, ಅಂಗಡಿಗೆ ಹೊರಟ ಜನ ನಿಂತು ನೋಡುತ್ತಾರೆ. ಕೆಲವರು ಲಾರಿಯ ಹಿಂದೆಯೇ ಓಡುತ್ತಾರೆ.

ಈ ವಿಡಿಯೋವನ್ನು ಒಮ್ಮೆ ಊರಿನ ಚಾದ ಅಂಗಡಿ ಮುಂದೆ ಫೋನಿನಲ್ಲಿ ತೋರಿಸಿದ್ದೆವು. ಹಿರಿಯರೊಬ್ಬರು ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ನೋಡಿದರು. ವಯಸ್ಸಿನಲ್ಲಿ ಅವರು ನಾಟಕ ಕಂಪನಿಯಲ್ಲಿ ಕಾಲು ಪೆಟ್ಟಿಗೆ ನುಡಿಸಿದವರು.

“ಗಣಪತಿ ಕಳಿಸೋ ಮೆರವಣಿಗಿ ಇದ್ದಂಗ ಐತಲ್ಲೋ ತಮ್ಮಾ. ಗಣಪತಿ ಒಬ್ಬಾಂವ ಇಲ್ಲ ನೋಡು,” ಅಂದರು.

ಹಾಡಿನ ಅರ್ಥ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅವರಿಗೆ ಪಗಾರ ಕೊಟ್ರೇನು ಮತ್ತ?”

“ಕೊಟ್ರು ಕಾಕಾ. ಆದ್ರ ಭಾಳ ತಡಾ ಆತು.”

“ಕೊಟ್ರಲ್ಲ. ನಮ್ಮ ಮಾಲಕ ಇನ್ನೂ ಕೊಡಾಂವ ಅದಾನ,” ಅಂತ ನಕ್ಕರು.

ಎಷ್ಟು ತಡವಾಯಿತು ಅನ್ನುವುದನ್ನೂ ಹೇಳಬೇಕು. 1976ರಲ್ಲಿ ತಂಡ ಇಂಗ್ಲೆಂಡಿಗೆ ಹೋಯಿತು. ಅದೇ ವರ್ಷ ಅಮೆರಿಕದಲ್ಲಿ ಅವರ ಮೊದಲ ಆಲ್ಬಂ ಬಂದಾಗ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ಅದನ್ನು ಹಿಗ್ಗಾಮುಗ್ಗಾ ಬೈದರು. ಮುಂದಿನ ಆಲ್ಬಂ ‘ಡರ್ಟಿ ಡೀಡ್ಸ್’ ಅನ್ನು ಅಮೆರಿಕದ ಕಂಪನಿ ಬಿಡುಗಡೆಯನ್ನೇ ಮಾಡಲಿಲ್ಲ. ಅಲ್ಲಿ ಅದು ಹೊರಬಂದದ್ದು 1981ರಲ್ಲಿ. ಅಷ್ಟರಲ್ಲಿ ತಂಡ ಜಗತ್ತಿಗೆಲ್ಲ ಗೊತ್ತಾಗಿತ್ತು. ಬೇಡ ಅಂದಿದ್ದ ಮಾಲು ಆಗ ಬಿಸಿ ದೋಸೆಯ ಹಾಗೆ ಖರ್ಚಾಯಿತು.

ಈ ನಡುವಿನ ವರ್ಷಗಳಲ್ಲಿ ಅವರು ಮಾಡಿದ್ದು ಒಂದೇ ಕೆಲಸ. ಇಂಗ್ಲೆಂಡು, ಯುರೋಪು, ಅಮೆರಿಕ ಸುತ್ತಿ, ದೊಡ್ಡ ತಂಡಗಳ ಮುಂಚೆ ಅರ್ಧ ಗಂಟೆ ಹಾಡಿ, ಗಂಟು ಕಟ್ಟಿ ಮುಂದಿನ ಊರಿಗೆ ಹೊರಡುವುದು. 1979ರಲ್ಲಿ ‘ಹೈವೇ ಟು ಹೆಲ್’ ಆಲ್ಬಂ ಬಂತು. ಅಮೆರಿಕದ ಮೊದಲ ಇಪ್ಪತ್ತರ ಪಟ್ಟಿಗೆ ಅವರು ಮೊದಲ ಸಲ ಏರಿದರು. ತುದಿ ಕಣ್ಣಿಗೆ ಕಾಣುತ್ತಿತ್ತು.

1980ರ ಫೆಬ್ರವರಿ 19. ಲಂಡನ್ನಿನಲ್ಲಿ ರಾತ್ರಿಯೆಲ್ಲ ಕುಡಿದ ಬಾನ್ ಸ್ಕಾಟ್, ನಿಲ್ಲಿಸಿದ್ದ ಕಾರಿನಲ್ಲೇ ಮಲಗಿದವನು ಏಳಲಿಲ್ಲ. ವಿಪರೀತ ಮದ್ಯವೇ ಕಾರಣ ಅಂತ ವಿಚಾರಣೆಯಲ್ಲಿ ದಾಖಲಾಯಿತು. ವಯಸ್ಸು 33. ಲಾರಿ ಮೇಲೆ ನಿಂತು ಮೆಲ್ಬರ್ನ್ ಬೀದಿಯಲ್ಲಿ ಹಾಡಿ ನಾಲ್ಕು ವರ್ಷ ತುಂಬಲು ನಾಲ್ಕೇ ದಿನ ಬಾಕಿ ಇತ್ತು.

ಇದನ್ನು ಕೆಲವರು ಶೋಕಿಯಾಗಿ ಹೇಳುತ್ತಾರೆ. ಕಲಾವಿದ ಅಂದರೆ ಹಾಗೇ ಬದುಕಬೇಕು, ಹಾಗೇ ಹೋಗಬೇಕು ಅನ್ನುವ ಧಾಟಿ. ನಮಗೆ ಅದು ಒಪ್ಪಿಗೆ ಇಲ್ಲ. ಊರಿನಲ್ಲಿ ಕುಡಿದು ಸತ್ತವರ ಮನೆಯ ಅಂಗಳದಲ್ಲಿ ನಿಂತು ವರದಿ ಬರೆದವರು ನಾವು. ಆ ಸಾವಿನಲ್ಲಿ ಶೋಕಿ ಏನೂ ಇರುವುದಿಲ್ಲ. ಬಾನ್‌ಗೂ ತಂದೆ ತಾಯಿ ಇದ್ದರು. ದೇಶ ಬಿಟ್ಟು ಬಂದು ಸಾಕಿದ ಮಗನ ಬೂದಿಯನ್ನು ಅವರು ಫ್ರೀಮ್ಯಾಂಟಲ್‌ನ ಸ್ಮಶಾನದಲ್ಲಿ ಇಡಬೇಕಾಯಿತು.

ತಂಡ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಿಸಬೇಡಿ, ಮುಂದುವರಿಸಿ ಅಂತ ಬಾನ್‌ನ ತಂದೆಯೇ ಹೇಳಿದರು ಅಂತ ತಂಡದವರು ನೆನೆಯುತ್ತಾರೆ. ಹೊಸ ಹಾಡುಗಾರನಾಗಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಕಡೆಯ ಬ್ರಯಾನ್ ಜಾನ್ಸನ್ ಬಂದ. ಅವನೂ ಹಿಂದೆ ಒಂದು ತಂಡದಲ್ಲಿ ಸ್ವಲ್ಪ ಹೆಸರು ಮಾಡಿ, ಅದು ಕೈಬಿಟ್ಟ ಮೇಲೆ ಕಾರುಗಳ ಮೇಲ್ಛಾವಣಿಗೆ ವಿನೈಲ್ ಹೊದಿಸುವ ಸಣ್ಣ ಧಂದೆ ಮಾಡಿಕೊಂಡಿದ್ದವನು.

ಅದೇ 1980ರ ಜುಲೈನಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಂ ಹೊರಬಂತು. ಬಾನ್ ಸತ್ತು ಐದು ತಿಂಗಳು ಆಗಿತ್ತಷ್ಟೆ. ಸೂತಕದ ಗುರುತಾಗಿ ಮುಖಪುಟ ಪೂರ್ತಿ ಕಪ್ಪು. ಮೊದಲ ಹಾಡು ಶುರುವಾಗುವುದು ನಿಧಾನಕ್ಕೆ ಬಾರಿಸುವ ದೊಡ್ಡ ಗಂಟೆಯ ಸದ್ದಿನಿಂದ. ಆ ಆಲ್ಬಂ ಸುಮಾರು 5 ಕೋಟಿ ಪ್ರತಿ ಮಾರಾಟವಾಗಿದೆ ಅನ್ನುವ ಅಂದಾಜಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಖರ್ಚಾದ ಆಲ್ಬಂಗಳಲ್ಲಿ ಅದೂ ಒಂದು.

ಅಂದರೆ ತಂಡ ತುದಿ ಮುಟ್ಟಿತು. ದಾರಿ ದೂರ ಅಂತ ಹಾಡಿದವನು ಮುಟ್ಟಲಿಲ್ಲ.

ನಾವು ಈ ಹಾಡಿನ ಬಗ್ಗೆ ಬರೆಯಬೇಕು ಅಂದುಕೊಂಡದ್ದು ಇಲ್ಲಿಗೆ ಬಂದಾಗ. ಯಾಕೆಂದರೆ ನಿಮ್ಮ ಫೋನಿಗೆ, ನಮ್ಮ ಫೋನಿಗೆ ದಿನಾ ಬೆಳಿಗ್ಗೆ ಒಂದು ಸ್ಫೂರ್ತಿಯ ವಿಡಿಯೋ ಬರುತ್ತದೆ. ಕಷ್ಟಪಟ್ಟರೆ ಮೇಲೆ ಬಂದೇ ಬರುತ್ತೀರಿ, ಬರಲಿಲ್ಲ ಅಂದರೆ ನಿಮ್ಮ ಕಷ್ಟ ಸಾಲದು. ಊರಿನ ಎಷ್ಟು ಹುಡುಗರು ಇದನ್ನು ನೋಡಿ ನೋಡಿ ತಮ್ಮನ್ನೇ ಬೈದುಕೊಂಡಿದ್ದಾರೆ! ನೇಮಕಾತಿ ಪರೀಕ್ಷೆ ಮುಂದೆ ಹೋದರೆ ತನ್ನ ಹಣೆಬರಹ, ಬೆಳೆಗೆ ಬೆಲೆ ಬೀಳದಿದ್ದರೆ ತನ್ನ ಸೋಮಾರಿತನ ಅಂದುಕೊಂಡಿದ್ದಾರೆ.

ಎಸಿ/ಡಿಸಿ ಹಾಡು ಹಾಗೆ ಹೇಳುವುದಿಲ್ಲ. ಮೇಲೆ ಮುಟ್ಟುತ್ತೀಯ ಅನ್ನುವ ಭರವಸೆ ಅದರಲ್ಲಿ ಇಲ್ಲ. ದೂರ ಇದೆ, ದಾರಿಯಲ್ಲಿ ಕಳ್ಳರಿದ್ದಾರೆ, ತಿಳಿದುಕೊಂಡು ಹೊರಡು ಅನ್ನುತ್ತದೆ, ಅಷ್ಟೆ. ಆದರೂ ಆ ಹಾಡು ಅಳುವುದಿಲ್ಲ. ಕೇಳಿದರೆ ಕಾಲು ತಾಳ ಹಾಕುತ್ತದೆ. ಕಷ್ಟವನ್ನು ಮುಚ್ಚಿಡದೆ ಹೇಳಿಯೂ ಹುರುಪು ಕೊಡಬಹುದು ಅನ್ನುವುದನ್ನು ನಾವು ಇದರಿಂದ ಕಲಿತೆವು. ವರದಿ ಬರೆಯುವವರಿಗೆ ಇದು ದೊಡ್ಡ ಪಾಠ.

ಇನ್ನೊಂದು ಮಾತು. ಈ ತಂಡ ಬರೀ ಕಷ್ಟದಿಂದ ಮೇಲೆ ಬರಲಿಲ್ಲ. ಅವರ ಬೆನ್ನಿಗೆ ಅಣ್ಣ ಜಾರ್ಜ್ ಇದ್ದ. ಅವನಿಗೆ ಸ್ಟುಡಿಯೋ ಗೊತ್ತಿತ್ತು, ಒಪ್ಪಂದದ ಕಾಗದದಲ್ಲಿ ಎಲ್ಲಿ ಮೋಸ ಇರುತ್ತದೆ ಅಂತ ಗೊತ್ತಿತ್ತು. ತಾನು ಬಿದ್ದ ಹೊಂಡ ತಮ್ಮಂದಿರಿಗೆ ತೋರಿಸಿದ. ಬಾನ್ ಹತ್ತು ವರ್ಷ ಒಬ್ಬನೇ ತಿರುಗಿದಾಗ ಆಗದ್ದು ಆ ಮನೆಯ ನೆರಳಿಗೆ ಬಂದ ಮೇಲೆ ಆಯಿತು. ಪ್ರತಿಭೆ ಎಲ್ಲ ಊರಿನಲ್ಲೂ ಇರುತ್ತದೆ. ಹೊಂಡ ತೋರಿಸುವ ಅಣ್ಣ ಎಲ್ಲರಿಗೂ ಇರುವುದಿಲ್ಲ.

ನಮಗಂತೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಪತ್ರಿಕೋದ್ಯಮ ಓದಿದ ಮೊದಲಿಗರು ನಾವೇ. ಓದು ಮುಗಿಸಿ ತಾಲೂಕು ವರದಿಗಾರರಾದಾಗ ಸುದ್ದಿಯೊಂದಕ್ಕೆ ಇಷ್ಟು ಅಂತ ಮಾತಾಗಿತ್ತು. ಕಾಗದದ ಮೇಲೆ ಏನೂ ಇರಲಿಲ್ಲ. ಒಂದು ಕಡೆ ಐದು ತಿಂಗಳು ಸುದ್ದಿ ಕಳಿಸಿದ ಮೇಲೆ, ನಿಮಗೆ ಗುರುತಿನ ಚೀಟಿ ಕೊಟ್ಟಿದ್ದೇವಲ್ಲ ಅಂದರು. ಬೈಕಿನ ಪೆಟ್ರೋಲು ಅಪ್ಪನ ಹಾಲಿನ ಬಿಲ್ಲಿನಿಂದ ಬರುತ್ತಿತ್ತು. ಊರಿನವರು “ಏನ್ರೀ ಪ್ರೆಸ್ಸು” ಅಂತ ಕರೆಯುವಾಗ ಜೇಬಿನಲ್ಲಿ ಚಾದ ದುಡ್ಡು ಇರುತ್ತಿರಲಿಲ್ಲ.

ನಮ್ಮಲ್ಲಿ ಇಬ್ಬರು ಬಿಟ್ಟು ಹೋದರು. ಒಬ್ಬ ಬೆಂಗಳೂರಿನ ಗೋದಾಮಿನಲ್ಲಿ ಪಾರ್ಸಲ್ ಲೆಕ್ಕ ಬರೆಯುತ್ತಾನೆ, ಇನ್ನೊಬ್ಬಳು ಊರಿನಲ್ಲೇ ಹೊಲಿಗೆ ಹಾಕಿಕೊಂಡಿದ್ದಾಳೆ. ಇಬ್ಬರೂ ನಮಗಿಂತ ಚೆನ್ನಾಗಿ ಬರೆಯುತ್ತಿದ್ದರು. ಅವರು ಸೋತರು ಅಂತ ಯಾರಾದರೂ ಅಂದರೆ ನಮಗೆ ಸಿಟ್ಟು ಬರುತ್ತದೆ. ದಾರಿಯ ಖರ್ಚು ಹೊರಲು ಮನೆಯಲ್ಲಿ ಶಕ್ತಿ ಇರಲಿಲ್ಲ, ಅಷ್ಟೆ. ಉಳಿದವರು ನಿಂತದ್ದೂ ಬರೀ ಛಲದಿಂದಲ್ಲ. ಒಬ್ಬರ ಮನೆಯಲ್ಲಿ ಎರಡು ಎಕರೆ ನೀರಾವರಿ ಇತ್ತು, ಇನ್ನೊಬ್ಬರ ಅಕ್ಕ ಅಂಗನವಾಡಿ ಕೆಲಸದಲ್ಲಿದ್ದಳು.

ಅದಕ್ಕೇ ನಾವು ಈಗ ಒಂದು ರೂಢಿ ಮಾಡಿಕೊಂಡಿದ್ದೇವೆ. ಪತ್ರಿಕೋದ್ಯಮ ಓದುತ್ತಿರುವ ಊರಿನ ತಮ್ಮ ತಂಗಿಯರು ಸಲಹೆ ಕೇಳಿ ಬಂದರೆ ಸ್ಫೂರ್ತಿಯ ಮಾತು ಕಡಿಮೆ ಮಾಡಿ ಲೆಕ್ಕ ಹೇಳುತ್ತೇವೆ. ಮಾತಾದದ್ದನ್ನು ಬರೆಸಿಕೊಳ್ಳಿ. ವಾಟ್ಸ್ಯಾಪಿನಲ್ಲಾದರೂ ಬರೆಸಿಕೊಳ್ಳಿ. ಎಷ್ಟು ಸುದ್ದಿ ಕಳಿಸಿದಿರಿ ಅಂತ ತಾರೀಖು ಹಾಕಿ ಇಟ್ಟುಕೊಳ್ಳಿ. ಎರಡು ತಿಂಗಳು ದುಡ್ಡು ಬರದಿದ್ದರೆ ಮೂರನೆಯ ತಿಂಗಳು ಕಳಿಸಬೇಡಿ.

ಎಸಿ/ಡಿಸಿ ಕಥೆ ಇನ್ನೂ ಸ್ವಲ್ಪ ಉಳಿದಿದೆ. ತಂಡದ ಬೆನ್ನೆಲುಬಾಗಿದ್ದ ಮಾಲ್ಕಮ್‌ಗೆ ಮರೆವಿನ ರೋಗ ಬಂತು. ತಾನೇ ಕಟ್ಟಿದ ಹಾಡುಗಳನ್ನು ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಹೊಸದಾಗಿ ಕಲಿತು ಅವನು ವೇದಿಕೆ ಹತ್ತಿದ. 2014ರಲ್ಲಿ ಆಗದೆಂದು ಬಿಟ್ಟ. ಅವನ ಜಾಗಕ್ಕೆ ಅಣ್ಣನ ಮಗ ಸ್ಟೀವಿ ಬಂದ. 2017ರ ಅಕ್ಟೋಬರಿನಲ್ಲಿ ಜಾರ್ಜ್ ಹೋದ, ನವೆಂಬರಿನಲ್ಲಿ ಮಾಲ್ಕಮ್ ಹೋದ. ಹಾಡುಗಾರ ಬ್ರಯಾನ್‌ಗೆ 2016ರಲ್ಲಿ ಕಿವಿ ಪೂರ್ತಿ ಹೋಗುವ ಅಪಾಯ ಬಂದು ತಿರುಗಾಟ ಬಿಡಬೇಕಾಯಿತು. ಆಮೇಲೆ ಮರಳಿದ, 2020ರಲ್ಲಿ ಹೊಸ ಆಲ್ಬಂ ಬಂತು.

ಆದರೆ ಬ್ರಯಾನ್ ಒಂದು ನೇಮ ಇಟ್ಟುಕೊಂಡಿದ್ದಾನೆ. ಬಾನ್‌ನ ಬೇರೆ ಹಾಡುಗಳನ್ನು ಹಾಡುತ್ತಾನೆ, ದಾರಿ ದೂರ ಅನ್ನುವ ಹಾಡನ್ನು ಮಾತ್ರ ಹಾಡುವುದಿಲ್ಲ. ಅದು ಬಾನ್‌ನದು ಅಂತ ಬಿಟ್ಟಿದ್ದಾನೆ. ಹೀಗಾಗಿ ತಂಡದ ಅತಿ ಪ್ರೀತಿಯ ಹಾಡುಗಳಲ್ಲೊಂದು ತಂಡದ ಕಾರ್ಯಕ್ರಮದಲ್ಲೇ ಕೇಳಿಸುವುದಿಲ್ಲ.

ಅದನ್ನು ಈಗ ಜನ ಹಾಡುತ್ತಾರೆ. 2004ರಲ್ಲಿ ಮೆಲ್ಬರ್ನ್ ನಗರದ ಒಂದು ಸಣ್ಣ ಓಣಿಗೆ ಈ ತಂಡದ ಹೆಸರಿಟ್ಟರು. 2020ರ ಮಾರ್ಚ್ 1ರಂದು ಪರ್ತ್ ನಗರದಲ್ಲಿ ಹೆದ್ದಾರಿಯನ್ನೇ ಬಂದ್ ಮಾಡಿ, ಲಾರಿಗಳ ಮೇಲೆ ಬ್ಯಾಂಡುಗಳನ್ನು ನಿಲ್ಲಿಸಿ ಬಾನ್ ನೆನಪಿನಲ್ಲಿ ಮೆರವಣಿಗೆ ಮಾಡಿದರು. ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. 2025ರ ನವೆಂಬರಿನಲ್ಲಿ ತಂಡ ಮೆಲ್ಬರ್ನ್‌ಗೆ ಬಂದಾಗ ನಗರದ ಚೌಕದಲ್ಲಿ ಮುನ್ನೂರಕ್ಕೂ ಹೆಚ್ಚು ಬ್ಯಾಗ್‌ಪೈಪ್ ವಾದಕರು ಒಟ್ಟಿಗೆ ನಿಂತು ಈ ಹಾಡನ್ನು ಊದಿದರು.

ಸತ್ತ ಮೇಲೆ ಓಣಿಗೆ ಹೆಸರಿಡುವುದು ಸುಲಭ. ನಮ್ಮಲ್ಲೂ ಆಗುತ್ತದೆ. ಕಲಾವಿದ ಹೋದ ಮೇಲೆ ಫೋಟೋಕ್ಕೆ ಹಾರ, ಪಂಚಾಯ್ತಿ ಸಭಾಭವನಕ್ಕೆ ಹೆಸರು. ಬದುಕಿದ್ದಾಗ ಮಾಸಾಶನದ ಅರ್ಜಿ ಯಾವ ಟೇಬಲ್ಲಿನ ಮೇಲಿತ್ತು ಅಂತ ಕೇಳುವವರು ಕಡಿಮೆ.

ಇನ್ನೇನು ಜಾತ್ರೆಯ ದಿನಗಳು ಬರುತ್ತವೆ. ನಿಮ್ಮೂರಿಗೂ ನಾಟಕದವರು, ಡೊಳ್ಳಿನವರು, ಆರ್ಕೆಸ್ಟ್ರಾದವರು, ಟ್ರ್ಯಾಕ್ಟರ್ ಮೇಲೆ ಬ್ಯಾಂಡ್ ಬಾರಿಸುವ ಹುಡುಗರು ಬರುತ್ತಾರೆ. ನೀವು ಜಾತ್ರಾ ಕಮಿಟಿಯಲ್ಲಿದ್ದರೆ ಒಂದು ಕೆಲಸ ಮಾಡಿ. ಅವರು ಗಾಡಿ ಹತ್ತುವ ಮುಂಚೆ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಮಾತಾಡಿದ ದುಡ್ಡು ಪೂರ್ತಿ ಎಣಿಸಿ ಕೈಗೆ ಕೊಡಿ. ಊಟ ಆಯಿತೇ ಅಂತ ಕೇಳಿ. ಅವರ ಮುಂದಿನ ಊರು ದೂರ ಇರುತ್ತದೆ.